ದಾರಿಹೋಕರ ಊಟದಲ್ಲಿ ನಮ್ಮ ತೋಟದ ಪಾಲೆಷ್ಟು?



ಕಳೆದ ಹಲಸಿನ ಕಾಲದಲ್ಲಿ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬೆಂಗಳೂರಿಗೆ ಹೋಗುವಾಗ ನಮ್ಮನ್ನು ಕಾಣಲೆಂದು ಕುಣಿಗಲ್ಲಿನಲ್ಲಿ ಇಳಿದರು. ಮಧ್ಯಾಹ್ನದ ಹೊತ್ತು. ಹೆದ್ದಾರಿ ಬದಿಯ ಒಂದು ದೊಡ್ಡ ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಗೋಡೆಯ ಬೋರ್ಡಿನಲ್ಲಿ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಫ್ರೈಡ್ ರೈಸ್, ನೂಡಲ್ಸ್ ಎಂದು ಉದ್ದನೆಯ ಪಟ್ಟಿ. ಅತಿಥಿಗಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, “ಅಲ್ಲ ಯಜಮಾನ್ರೇ, ಇದರಲ್ಲಿ ನಿಮ್ಮ ಕಡೆಯದು ಯಾವುದು?” ಎಂದು ಕೇಳಿದರು. ನಾವು ಸಪ್ಲೈಯರ್ ಹುಡುಗನನ್ನು ಕರೆದು ಹಲಸಿನ ಅಡುಗೆ ಏನಾದರೂ ಇದೆಯೇನಪ್ಪಾ ಎಂದೆವು. ಅವನು ನಕ್ಕು, “ಅದೆಲ್ಲಾ ಮನೇಲಿ ಮಾಡ್ಕೊಂಡು ತಿನ್ನೋದು ಸಾರ್, ಹೋಟ್ಲಲ್ಲಿ ಯಾರು ಕೇಳ್ತಾರೆ?” ಎಂದುಬಿಟ್ಟ. ಕೊನೆಗೆ ಕಾಫಿ ಬಂತು. ಬಿಸಿನೀರಿಗೆ ಪುಡಿ ಕದಡಿ ಕೊಡುವ ಯಂತ್ರದ ಕಾಫಿ. ನಮ್ಮ ಮಿತ್ರರು ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು.

ಹೊರಗೆ ಬಂದ ಮೇಲೆ ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. “ನಾನು ಬೆಳೆದದ್ದು ನನಗೆ ಸಿಗಲಿಲ್ಲ, ನೀವು ಬೆಳೆದದ್ದು ನಿಮಗೆ ಸಿಗಲಿಲ್ಲ. ಇಬ್ಬರೂ ಸೇರಿ ದುಡ್ಡು ಮಾತ್ರ ಕೊಟ್ಟು ಬಂದೆವು.”

ಆ ಹೋಟೆಲಿನವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ವ್ಯಾಪಾರಸ್ಥರು. ಗಿರಾಕಿ ಕೇಳಿದ್ದನ್ನು ಮಾರುತ್ತಾರೆ. ನಮ್ಮ ಪ್ರಶ್ನೆ ನಮ್ಮನ್ನೇ ಕುರಿತದ್ದು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರೂ ಊರುಗಳು ದಾರಿಯ ಮೇಲಿನ ಊರುಗಳು. ಬೆಂಗಳೂರಿನಿಂದ ಪುಣೆಗೆ ಹೋಗುವವರು ತುಮಕೂರನ್ನು ದಾಟಬೇಕು. ಹೊನ್ನಾವರದ ರಸ್ತೆ ಹಿಡಿದವರಿಗೆ ಗುಬ್ಬಿ ಸಿಗುತ್ತದೆ. ಹಾಸನ, ಸಕಲೇಶಪುರ, ಮಂಗಳೂರಿಗೆ ಹೋಗುವವರು ಕುಣಿಗಲ್ ಹಾದು ಹೋಗುತ್ತಾರೆ. ಶನಿವಾರ ಭಾನುವಾರ ಬಂತೆಂದರೆ ಕಾಫಿ ಸೀಮೆಯ ತೋಟಗಳಲ್ಲಿ ಎರಡು ದಿನ ತಂಗಲು ಹೊರಟ ಪಟ್ಟಣದವರ ಕಾರುಗಳು ನಮ್ಮ ತೆಂಗು ಅಡಿಕೆಯ ತೋಟಗಳ ಅಂಚಿನಲ್ಲೇ ಓಡುತ್ತವೆ. ಅವರಿಗೆ ಹಸಿವು ನಮ್ಮ ಊರಿನಲ್ಲೇ ಆಗುತ್ತದೆ. ಹಸಿದವರು ಕೊಟ್ಟ ದುಡ್ಡು ಮಾತ್ರ ನಮ್ಮ ತೋಟದೊಳಕ್ಕೆ ಬರುವುದಿಲ್ಲ.

ದಾರಿಹೋಕನಿಗೆ ಅನ್ನ ಹಾಕುವುದು ಈ ಸೀಮೆಗೆ ಹೊಸದೇನಲ್ಲ. ಅಡಿಕೆ ವ್ಯಾಪಾರಕ್ಕೆ ಹೆಸರಾಗಿದ್ದ ಗುಬ್ಬಿಯ ಸಂತೆಗೆ ದೂರ ದೂರದ ವರ್ತಕರು ಬರುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯನ್ನೂ ಕಂಡು ಬರೆದಿದ್ದಾರೆ. ಅಂಥ ವರ್ತಕರಿಗೆ, ಯಾತ್ರಿಕರಿಗೆ ಛತ್ರಗಳಿದ್ದವು, ಮುಸಾಫರಖಾನೆಗಳಿದ್ದವು. ಅಧಿಕಾರಿಗಳಿಗೆ ಟಿ.ಬಿ. ಎಂದು ನಾವೆಲ್ಲ ಕರೆಯುವ ಪ್ರವಾಸಿ ಬಂಗಲೆಗಳಿದ್ದವು. ಎರಡರ ಊಟವೂ ಬೇರೆ ಬೇರೆ. ಛತ್ರದಲ್ಲಿ ಆ ಊರಿನ ಅಕ್ಕಿ, ಆ ಊರಿನ ಬೇಳೆ, ಆ ಊರಿನ ಕಾಯಿ. ಬಂಗಲೆಯಲ್ಲಿ ದೊರೆಗಳ ನಾಲಗೆಗೆ ಒಗ್ಗುವಂತೆ ಬಟ್ಲರ್ ಬೇಯಿಸಿದ ಕೋಳಿ, ಕಸ್ಟರ್ಡು. ಅಲ್ಲಿಂದ ನಮ್ಮ ಮನಸ್ಸಿನಲ್ಲಿ ಒಂದು ತಪ್ಪು ಭಾವನೆ ಬೇರುಬಿಟ್ಟಿತು. ನಮ್ಮ ಊಟ ಬಡವರ ಊಟ, ಬಿಟ್ಟಿ ಊಟ. ದುಡ್ಡು ಕೊಟ್ಟು ಉಣ್ಣುವ ಊಟ ಎಲ್ಲಿಂದಲೋ ಬಂದದ್ದಾಗಿರಬೇಕು, ಎಂದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಔಷಧಕ್ಕಷ್ಟೇ ಅಲ್ಲ, ಅಡುಗೆಗೂ ಸಲ್ಲುತ್ತದೆ.

ಈ ಭಾವನೆ ಸುಳ್ಳೆಂಬುದಕ್ಕೆ ಸಾಕ್ಷಿ ನಮ್ಮ ಊರಿನಲ್ಲೇ ಇದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಾಗಿ ಹೆದ್ದಾರಿ ಬಿಟ್ಟು ಕಾರು ತಿರುಗಿಸಿ ಬರುವವರು ಎಷ್ಟು ಮಂದಿ! ಅದರಲ್ಲಿ ಇರುವುದೇನು? ಅಕ್ಕಿ, ಉದ್ದು, ಮೇಲೊಂದು ಬೆಣ್ಣೆಯ ಉಂಡೆ, ಪಕ್ಕದಲ್ಲಿ ಕಾಯಿ ಚಟ್ನಿ. ಯಾವ ಜಾಹೀರಾತೂ ಇಲ್ಲದೆ ಬಾಯಿಂದ ಬಾಯಿಗೆ ಹರಡಿದ ಹೆಸರು ಅದು. ಮದ್ದೂರಿನ ವಡೆಯೂ ಹಾಗೆಯೇ ರೈಲು ನಿಲ್ದಾಣದಿಂದ ಹೊರಟು ನಾಡಿಗೆಲ್ಲ ಗೊತ್ತಾಯಿತು. ಊರಿನ ಹೆಸರು ಹೊತ್ತ ತಿಂಡಿಗೆ ಬೆಲೆಯಿದೆ. ಆದರೆ ಆ ಚಟ್ನಿಯ ಕಾಯಿ ಯಾರ ತೋಟದ್ದು ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಹೇಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಗುಬ್ಬಿ ತಾಲ್ಲೂಕಿನದೇ. ಚೇಳೂರಿನ ರೈತರೊಬ್ಬರ ತೋಟದಲ್ಲಿ ಒಂದು ಹಲಸಿನ ಮರವಿತ್ತು. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕಿಲೋ. ತೊಳೆ ತಾಮ್ರಗೆಂಪು ಬಣ್ಣದ್ದು, ರುಚಿ ಬಲು ಸೊಗಸು. ಬಹಳ ವರ್ಷ ಅದು ಮನೆಯವರೂ ನೆಂಟರೂ ತಿಂದು ಮುಗಿಸುವ ಹಣ್ಣಾಗಿತ್ತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ, ಮರ ನೆಟ್ಟ ಹಿರಿಯರ ನೆನಪಿಗೆ ‘ಸಿದ್ದು’ ಎಂದು ಹೆಸರಿಟ್ಟು, 2017ರಲ್ಲಿ ರೈತರೊಡನೆ ಒಪ್ಪಂದ ಮಾಡಿಕೊಂಡರು. ಕಸಿ ಸಸಿಗಳ ಮಾರಾಟದ ಆದಾಯದಲ್ಲಿ ರೈತರಿಗೂ ಪಾಲು. ಮರ ಅದೇ, ಹಣ್ಣೂ ಅದೇ. ಹೆಸರು ಬಂದ ಮೇಲೆ ಬೆಲೆ ಬಂತು. ಆದರೂ ಅದೇ ತಾಲ್ಲೂಕನ್ನು ಹಾದುಹೋಗುವ ಪ್ರಯಾಣಿಕನಿಗೆ ಆ ಹಣ್ಣಿನ ಎರಡು ತೊಳೆಯನ್ನು ಎಲೆಯ ಮೇಲೆ ಬಡಿಸುವ ಒಂದು ಮನೆ ನಮ್ಮಲ್ಲಿ ಹುಟ್ಟಲಿಲ್ಲ.

ಕಾಫಿ ಬೆಳೆಗಾರರಿಗೆ ಈ ಪಾಠ ಇನ್ನೊಂದು ರೀತಿಯಲ್ಲಿ ಗೊತ್ತು. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಷ್ಟು ದಿನ ಎಲ್ಲರ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿತ್ತು. ಆ ಪದ್ಧತಿಯಿಂದ ಸಣ್ಣವರಿಗೆ ಭದ್ರತೆ ಇತ್ತೆಂಬುದನ್ನು ಮರೆಯಲಾಗದು. ಆದರೆ ಯಾರ ತೋಟದ ಕಾಫಿ ಯಾವ ಲೋಟಕ್ಕೆ ಹೋಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. 1996ರಲ್ಲಿ ಅದು ಪೂರ್ತಿ ಕೊನೆಗೊಂಡಿತು. ಅದಾಗಿ ಕೆಲವೇ ವರ್ಷಗಳಲ್ಲಿ ಬೆಲೆ ಪಾತಾಳಕ್ಕೆ ಕುಸಿಯಿತು. ಆಗ ಕೊಡಗು, ಚಿಕ್ಕಮಗಳೂರಿನ ಹಲವು ಬೆಳೆಗಾರರು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಬಂದವರಿಗೆ ಅವರು ಬಡಿಸಿದ್ದು ಬೆಂಗಳೂರಿನ ಹೋಟೆಲಿನ ಊಟವನ್ನಲ್ಲ. ಕಡಂಬುಟ್ಟು, ಅಕ್ಕಿ ರೊಟ್ಟಿ, ಪಂದಿ ಕರಿ, ಕಾಡು ಮಾವಿನ ಸಾರು. ಪೊಲಿಬೆಟ್ಟದ ಕಡೆ ದೊರೆಗಳ ಕಾಲದ ಹಳೆಯ ತೋಟದ ಬಂಗಲೆಗಳನ್ನು ದೊಡ್ಡ ಕಂಪನಿಯೇ ಅತಿಥಿಗೃಹಗಳನ್ನಾಗಿ ನಡೆಸುತ್ತಿದೆ. ಅಲ್ಲೂ ಕೊಡವರ ಅಡುಗೆಗೆ ಮರ್ಯಾದೆಯ ಸ್ಥಾನವಿದೆ.

ದೊರೆಗಳ ಮಾತು ಬಂದದ್ದರಿಂದ ಒಂದು ವಿಷಯ. ನಮ್ಮ ನಾಡಿನಲ್ಲಿ ಕಾಫಿ ತೋಟ ಮಾಡಿದ ಪರದೇಶದವರಲ್ಲಿ ಸ್ಕಾಟ್ಲೆಂಡಿನವರು ಬಹಳ ಮಂದಿ. ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ತಮ್ಮ ಅನುಭವಗಳನ್ನು 1871ರಲ್ಲಿ ಒಮ್ಮೆ, 1894ರಲ್ಲಿ ಮತ್ತೊಮ್ಮೆ ಪುಸ್ತಕವಾಗಿ ಬರೆದರು. ಅವರ ಆ ನಾಡಿನಲ್ಲೇ ಇಂದು ಹಳ್ಳಿಗಾಡಿನ ಹಳೆಯ ತಂಗುಮನೆಗಳು ಒಳ್ಳೆಯ ಊಟಕ್ಕೆ ಹೆಸರಾಗಿವೆ. ಸ್ಕೈ ಎಂಬ ದ್ವೀಪದಲ್ಲಿ ಕೋಲ್ಬೋಸ್ಟ್ ಎಂಬ ಪುಟ್ಟ ಊರಿದೆ. ಅಲ್ಲಿ ಸಣ್ಣ ಹಿಡುವಳಿದಾರನೊಬ್ಬನ ನೂರು ವರ್ಷಕ್ಕೂ ಹಿಂದಿನ ಕಲ್ಲಿನ ಮನೆಯಲ್ಲಿ 1980ರ ದಶಕದ ಮಧ್ಯದಲ್ಲಿ ಸ್ಪಿಯರ್ ಎಂಬ ದಂಪತಿಗಳು ‘ಥ್ರೀ ಚಿಮ್ನೀಸ್’, ಅಂದರೆ ಮೂರು ಹೊಗೆಗೂಡು ಎಂಬ ಊಟದ ಮನೆ ತೆರೆದರು. ದೊಡ್ಡ ಪಟ್ಟಣಗಳಿಂದ ಬಲು ದೂರ, ಮಳೆ ಗಾಳಿಯ ಊರು. ಬಡಿಸಿದ್ದು ಸುತ್ತಲಿನ ಕಡಲಿನ ಸೀಗಡಿ, ಏಡಿ, ಆ ದ್ವೀಪದಲ್ಲೇ ಸಿಗುವ ಮಾಂಸ ತರಕಾರಿ. ಅದನ್ನೇ ಹುಡುಕಿಕೊಂಡು ಲೋಕದ ಜನ ಹೋದರು. ಅಂಥ ಮನೆಗಳ ಊಟದ ಪಟ್ಟಿಯಲ್ಲಿ ಯಾವ ದೋಣಿಯವನ ಮೀನು, ಯಾವ ಹೊಲದ ಆಲೂಗಡ್ಡೆ ಎಂದು ಬರೆಯುವ ಪದ್ಧತಿಯೂ ಇದೆ. ನಮ್ಮ ಗಮನ ಸೆಳೆದದ್ದು ಅವರ ಬೆಳ್ಳಿಯ ಚಮಚವಲ್ಲ, ಈ ಹೆಸರು.

ನಮ್ಮಲ್ಲಿ ಬಡಿಸಲು ಏನಿದೆ ಎಂದು ಕೇಳುವವರಿಗೆ ಒಂದು ಊಟವನ್ನು ಬಡಿಸಿ ತೋರಿಸೋಣ. ಮುತ್ತುಗದ ಎಲೆ ಅಥವಾ ಬಾಳೆ ಎಲೆ. ಕುಣಿಗಲ್ ಕಡೆಯ ಹೊಲದ ರಾಗಿಯ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ. ಸಂಕ್ರಾಂತಿಯ ಆಸುಪಾಸಿನಲ್ಲಿ ಹಿತಕಿದ ಅವರೆಬೇಳೆಯ ಸಾರು. ಬೇಸಿಗೆಗೆ ಎಳೆ ಹಲಸಿನ ಕಾಯಿಯ ಪಲ್ಯ, ಮಾವಿನಕಾಯಿ ಚಿತ್ರಾನ್ನ. ತುಮಕೂರು ಸೀಮೆಯ ಹುಣಸೆಹಣ್ಣಿನ ಗೊಜ್ಜು. ಮಾಂಸ ತಿನ್ನುವವರಿಗೆ ನಾಟಿ ಕೋಳಿ ಸಾರು, ಕೆರೆಯ ಮೀನು. ಸಿಹಿಗೆ ಒತ್ತು ಶಾವಿಗೆ, ಅದಕ್ಕೆ ಗುಬ್ಬಿಯ ತೆಂಗಿನ ಕಾಯಿಹಾಲು, ಬೆಲ್ಲ, ಎಳ್ಳು ಪುಡಿ. ನಮ್ಮ ತೋಟದ ಬಾಳೆಹಣ್ಣು. ಕೊನೆಗೆ ನಮ್ಮ ಮಲೆನಾಡಿನ ಸದಸ್ಯರ ಕಾಫಿ, ಅಂದೇ ಪುಡಿ ಮಾಡಿ, ಫಿಲ್ಟರಿನಲ್ಲಿ ಇಳಿಸಿದ್ದು. ಈ ಊಟವನ್ನು ಶುಚಿಯಾಗಿ, ಬಿಸಿಯಾಗಿ, ಹದವಾಗಿ ಬಡಿಸಿದರೆ ಯಾವ ದೊಡ್ಡ ಹೋಟೆಲಿನ ಊಟಕ್ಕೂ ತಲೆ ತಗ್ಗಿಸಬೇಕಾಗಿಲ್ಲ.

ಕಾಫಿಯ ಲೆಕ್ಕವನ್ನೇ ನೋಡಿ. ಒಂದು ಲೋಟಕ್ಕೆ 10 ಗ್ರಾಂ ಪುಡಿ ಎಂದರೆ ಒಂದು ಕಿಲೋ ಪುಡಿಯಲ್ಲಿ 100 ಲೋಟ. ಲೋಟಕ್ಕೆ 15 ರೂಪಾಯಿ ಎಂದಿಟ್ಟುಕೊಂಡರೂ 1500 ರೂಪಾಯಿ. ಹುರಿಯುವಾಗ ಆಗುವ ತೂಕದ ನಷ್ಟ ಸೇರಿಸಿ ಆ ಒಂದು ಕಿಲೋ ಪುಡಿಗೆ ಬೇಕಾದದ್ದು ಸುಮಾರು 1200 ಗ್ರಾಂ ಕಾಫಿ ಬೀಜ. ಹಾಲು, ಸಕ್ಕರೆ, ಉರುವಲು, ಆಳಿನ ಕೂಲಿ, ಬಾಡಿಗೆ ಎಲ್ಲ ಇದ್ದೇ ಇವೆ, ನಿಜ. ಆದರೂ ಆ 1200 ಗ್ರಾಂ ಬೀಜಕ್ಕೆ ತಮಗೆ ಬಂದದ್ದೆಷ್ಟು ಎಂಬುದನ್ನು ಸದಸ್ಯರು ತಮ್ಮ ಪಟ್ಟಿ ಪುಸ್ತಕ ತೆಗೆದು ಒಮ್ಮೆ ನೋಡಿಕೊಳ್ಳಲಿ. ನಡುವಿನ ಅಂತರದಲ್ಲಿ ಒಂದು ಚೂರಾದರೂ ನಮ್ಮ ಕಡೆ ಉಳಿಯಬಾರದೇ?

ಅಡಿಕೆಯ ವಿಷಯವನ್ನೂ ಮುಚ್ಚಿಟ್ಟು ಬರೆಯಲಾರೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳಿಗೂ ಆಕ್ಷೇಪ ಎತ್ತಿತು. ಇದನ್ನು ಒಪ್ಪದ ಬೆಳೆಗಾರರು ಬಹಳ ಮಂದಿ ಇದ್ದಾರೆ. ವಾದ ನಡೆಯಲಿ, ಸಂಶೋಧನೆಯೂ ನಡೆಯಲಿ. ಆದರೆ ಮನೆಯ ಭಾರವನ್ನೆಲ್ಲ ಒಂದೇ ಮರದ ಮೇಲೆ ಹೊರಿಸಿ ನೆಮ್ಮದಿಯಾಗಿ ಕೂರುವ ಕಾಲ ಇದಲ್ಲ. ಅಡಿಕೆ ತೋಟವೆಂದರೆ ಬರೀ ಅಡಿಕೆಯಲ್ಲ. ಅದರ ನೆರಳಿನಲ್ಲಿ ಬಾಳೆ ಇದೆ, ಮೆಣಸಿನ ಬಳ್ಳಿ ಇದೆ, ಏಲಕ್ಕಿ ಇದೆ, ಮಲೆನಾಡಿನಲ್ಲಿ ಕಾಫಿ ಇದೆ, ಬದುವಿನ ಮೇಲೆ ಹಲಸು, ನಿಂಬೆ, ಕರಿಬೇವು ಇವೆ. ಇವೆಲ್ಲ ಊಟದ ಎಲೆಗೆ ಬರುವಂಥವು. ಇಂದು ಇವುಗಳಲ್ಲಿ ಅರ್ಧ ಕೊಳೆತು ಗೊಬ್ಬರವಾಗುತ್ತಿದೆ.

ಈ ಮಾತು ಆಡಿದಾಗ ಹಿರಿಯ ಸದಸ್ಯರೊಬ್ಬರು, “ಅನ್ನ ಮಾರಿ ತಿನ್ನೋ ಕಾಲ ಬಂತೇನ್ರಪ್ಪಾ?” ಎಂದರು. ಇದು ಗೌರವಿಸಬೇಕಾದ ಮಾತು. ಸಿದ್ಧಗಂಗೆಯ ದಾಸೋಹ ನಮ್ಮ ಕಣ್ಣ ಮುಂದಿದೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ನಿತ್ಯ ಅನ್ನವಿಟ್ಟರು. ಎಡೆಯೂರಿನಲ್ಲೂ ಯಾತ್ರಿಕರಿಗೆ ದಾಸೋಹವಿದೆ. ಹಸಿದು ಬಂದವನಿಗೆ ಅನ್ನ ಮಾರಬಾರದು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಕಾರಿನಲ್ಲಿ ಬಂದು ಪನೀರಿಗೆ ಮುನ್ನೂರು ರೂಪಾಯಿ ಕೊಡುವವನು ಹಸಿದ ಬಡವನಲ್ಲ, ಗಿರಾಕಿ. ಅವನಿಗೆ ರಾಗಿ, ಕಾಯಿ ಬೆಳೆದವನು ಬಿಟ್ಟಿ ಬಡಿಸಬೇಕೆಂಬ ನಿಯಮ ಯಾವ ಧರ್ಮದಲ್ಲೂ ಇಲ್ಲ. ದಾಸೋಹಕ್ಕೆ ಒಂದು ಮೂಟೆ ಅಕ್ಕಿ, ನೂರು ಕಾಯಿ ಕೊಡಬೇಕಾದರೂ ರೈತನ ಕೈಯಲ್ಲಿ ಮೊದಲು ನಾಲ್ಕು ಕಾಸು ಆಡಬೇಕು.

ಇನ್ನು ಕೆಲವರು, ನಾವು ಬೆಳೆಗಾರರು, ಹೋಟೆಲು ನಡೆಸುವುದು ನಮ್ಮ ಕಸುಬಲ್ಲ ಎನ್ನುತ್ತಾರೆ. ಚಾಕೊಲೇಟು ಮಾಡುವುದು ಅಡಿಕೆ ಬೆಳೆಗಾರರ ಕಸುಬಾಗಿತ್ತೇ? 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ, ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ತಾನೇ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಇಂಡಿಯನ್ ಕಾಫಿ ಹೌಸ್ ನಡೆಸಿದರು. ಬಡಿಸುವವರೇ ಒಡೆಯರಾದ ಹೋಟೆಲದು. ಬೆಳೆಯುವವರೇ ಒಡೆಯರಾದ ಊಟದ ಮನೆ ಏಕಾಗಬಾರದು?

ನಮ್ಮ ಸಲಹೆ ದೊಡ್ಡದಲ್ಲ. ಕೋಟಿ ರೂಪಾಯಿಯ ಕಟ್ಟಡ ಬೇಡ. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಪಟ್ಟಣ ಸೇರಿ ಬೀಗ ಬಿದ್ದಿರುವ ತೊಟ್ಟಿಮನೆಗಳಿವೆ. ತೇಗದ ಕಂಬ, ನಡುವೆ ಬೆಳಕಿನ ತೊಟ್ಟಿ, ತಣ್ಣಗಿನ ಜಗಲಿ. ಸೂರು ಸೋರಿ ಒಂದೊಂದೇ ಕುಸಿಯುತ್ತಿವೆ, ಕಂಬಗಳು ಪಟ್ಟಣದ ಬಂಗಲೆಗಳ ಅಲಂಕಾರಕ್ಕೆ ಮಾರಾಟವಾಗುತ್ತಿವೆ. ರಸ್ತೆಗೆ ಹತ್ತಿರವಿರುವ ಅಂಥ ಒಂದು ಮನೆಯನ್ನು ಒಡೆಯರಿಂದ ಬಾಡಿಗೆಗೆ ಹಿಡಿದು, ವಾರಕ್ಕೆ ಮೂರು ದಿನ, ಮುಂಚಿತವಾಗಿ ತಿಳಿಸಿದ ಇಪ್ಪತ್ತು ಜನಕ್ಕೆ ಮಾತ್ರ ಊಟ ಹಾಕಿ ನೋಡೋಣ. ಒಂದು ವರ್ಷ ನಡೆಯಲಿ. ಲಾಭ ನಷ್ಟ ಎರಡನ್ನೂ ಮಹಾಸಭೆಯ ಮುಂದಿಡೋಣ.

ಆದರೆ ನಾಲ್ಕು ಕಟ್ಟುಪಾಡುಗಳಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲನೆಯದು, ತೋಟದ ಹೆಸರು. ಇಂದಿನ ಕಾಯಿ ಯಾವ ಊರಿನ ಯಾರ ತೋಟದ್ದು, ರಾಗಿ ಯಾರ ಹೊಲದ್ದು, ಕಾಫಿ ಯಾವ ಸದಸ್ಯರದು ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರಬೇಕು. ಬೆಲೆ ಸಂತೆಯ ದರಕ್ಕಿಂತ ಮೇಲಿರಬೇಕು, ಹಣ ಅದೇ ವಾರ ಸಂದಾಯವಾಗಬೇಕು. ಹೊರಗಿನಿಂದ ತಂದ ಪದಾರ್ಥಕ್ಕೆ ನಮ್ಮ ಊರಿನ ಹೆಸರು ಹಾಕಿದರೆ ಅದು ಮೋಸ. ಒಮ್ಮೆ ಮೋಸ ಹೊರಬಿದ್ದರೆ ಹೆಸರು ಮತ್ತೆ ಬರುವುದಿಲ್ಲ.

ಎರಡನೆಯದು, ಹೆಂಗಸರ ದುಡಿಮೆ. ಈ ಅಡುಗೆ ಗೊತ್ತಿರುವುದು ನಮಗಲ್ಲ, ನಮ್ಮ ಮನೆಯ ತಾಯಂದಿರಿಗೆ, ಅತ್ತೆ ಸೊಸೆಯರಿಗೆ. ನಸುಕಿಗೆ ಎದ್ದು ಕೊಟ್ಟಿಗೆ ಕೆಲಸ ಮುಗಿಸಿ, ಇಪ್ಪತ್ತು ಜನಕ್ಕೆ ಮುದ್ದೆ ತಿರುವಿ, ಕೊನೆಗೆ ದುಡ್ಡು ಗಂಡಸರ ಜೇಬಿಗೆ ಹೋಗುವುದಾದರೆ ಆ ಊಟದ ಮನೆ ತೆರೆಯದಿರುವುದೇ ಮೇಲು. ಅಡುಗೆ ಮಾಡುವವರಿಗೆ ಅವರ ಹೆಸರಿನ ಖಾತೆಗೇ ಸಂಬಳ, ಆಡಳಿತ ಮಂಡಳಿಯಲ್ಲಿ ಅವರಿಗೆ ಸ್ಥಾನ. ಇದರಲ್ಲಿ ರಾಜಿ ಸಲ್ಲದು.

ಮೂರನೆಯದು, ಪಂಕ್ತಿ. ಹಳೆಯ ಛತ್ರಗಳನ್ನು ಹೊಗಳುವಾಗ ಅಲ್ಲಿ ಯಾರು ಒಳಗೆ ಕುಳಿತರು, ಯಾರು ಹೊರಗೆ ನಿಂತರು ಎಂಬುದನ್ನು ಮರೆತು ಹೊಗಳಬಾರದು. ಹಳೆಯ ಮನೆಯನ್ನು ತೆರೆಯೋಣ, ಹಳೆಯ ಪಂಕ್ತಿಭೇದವನ್ನಲ್ಲ. ಅಡುಗೆಮನೆಯಲ್ಲೂ ಜಗಲಿಯಲ್ಲೂ ಎಲ್ಲರೂ ಸಮಾನರು.

ನಾಲ್ಕನೆಯದು, ಶುಚಿ ಮತ್ತು ಸರಳತೆ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಆಗಲಿ, ನೀರಿನ ಪರೀಕ್ಷೆ ಆಗಲಿ, ಶೌಚಾಲಯ ಮೊದಲು ಕಟ್ಟಲಿ, ಆಮೇಲೆ ಒಲೆ ಹಚ್ಚಲಿ. ಬಡಿಸುವ ಹುಡುಗರಿಗೆ ಪೇಟ ಸುತ್ತಿ, ಬಾಗಿಲಲ್ಲಿ ಎತ್ತಿನ ಗಾಡಿ ನಿಲ್ಲಿಸಿ, ಹಳ್ಳಿಯ ವೇಷ ಹಾಕುವುದು ಬೇಡ. 1884ರಿಂದ ನಾಟಕ ಕಂಪನಿ ಕಟ್ಟಿ ನಾಡನ್ನೆಲ್ಲ ರಂಜಿಸಿದ ಊರು ಗುಬ್ಬಿ. ಗುಬ್ಬಿ ವೀರಣ್ಣನವರ ಊರಿನವರಿಗೆ ನಾಟಕವನ್ನು ಎಲ್ಲಿ ಆಡಬೇಕೆಂದು ಗೊತ್ತಿದೆ. ಊಟದ ಎಲೆಯ ಮುಂದೆ ನಾಟಕ ಬೇಡ.

ಇದರಿಂದ ನಮ್ಮ ಕಷ್ಟಗಳೆಲ್ಲ ತೀರುತ್ತವೆಂದು ನಾವು ಹೇಳುವುದಿಲ್ಲ. ಇಪ್ಪತ್ತು ಎಲೆಯ ಊಟದಿಂದ ಕೊಬ್ಬರಿಯ ಬೆಲೆ ಏರುವುದಿಲ್ಲ, ಅಡಿಕೆಯ ಕೊಳೆರೋಗ ಹೋಗುವುದಿಲ್ಲ, ಕೊಳವೆಬಾವಿಗೆ ನೀರು ಬರುವುದಿಲ್ಲ. ಮೊದಲ ಆರು ತಿಂಗಳು ನಷ್ಟವೇ ಆಗಬಹುದು. ಆದರೆ ತೋಟದ ಹಲಸು ಕೊಳೆಯದೆ ಬೆಲೆ ಕಂಡರೆ, ಬೀಗ ಬಿದ್ದ ಒಂದು ಮನೆಯಲ್ಲಿ ಮತ್ತೆ ಒಲೆ ಉರಿದರೆ, ಪಟ್ಟಣದಲ್ಲಿರುವ ನಮ್ಮ ಒಬ್ಬ ಮಗನೋ ಮಗಳೋ ಇದನ್ನು ನಡೆಸುತ್ತೇನೆಂದು ಊರಿಗೆ ಬಂದರೆ, ಅಷ್ಟು ಲಾಭ ಸಾಲದೇ?

ಸದಸ್ಯರು ಪರವಾಗಿಯಾಗಲಿ ವಿರೋಧವಾಗಿಯಾಗಲಿ ತಮ್ಮ ಅಭಿಪ್ರಾಯವನ್ನು ಸಂಘದ ಕಚೇರಿಗೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಬರೆಯುವಾಗ ಒಂದು ಉಪಕಾರ ಮಾಡಬೇಕು. ತಮ್ಮ ಮನೆಯಲ್ಲಿ ನೆಂಟರು ಬಂದಾಗ ಮಾಡುವ, ಬೇರೆಲ್ಲೂ ಸಿಗದ ಒಂದು ಅಡುಗೆಯ ಹೆಸರನ್ನೂ, ಅದನ್ನು ಮಾಡುವವರ ಹೆಸರನ್ನೂ ಕಾಗದದ ಕೊನೆಯಲ್ಲಿ ತಿಳಿಸಬೇಕು. ಮೂಡಿಗೆರೆಯ ನಮ್ಮ ಮಿತ್ರರು ಬರುವ ಹಲಸಿನ ಕಾಲಕ್ಕೆ ಮತ್ತೆ ಈ ದಾರಿಯಲ್ಲಿ ಬರುತ್ತೇನೆಂದಿದ್ದಾರೆ. ನಿಮ್ಮ ಕಡೆಯದು ಯಾವುದು ಎಂದು ಅವರು ಕೇಳಿದಾಗ ಈ ಸಲ ನಮ್ಮಲ್ಲಿ ಉತ್ತರವಿರಬೇಕು.